ನೊರೆಗುಡ್ಡೆಯ ಪಕ್ಕದ ಹಕ್ಕಿ



ತೇಲುವ ಹಿಮಗಡ್ಡೆಗಳ ನಡುವೆ ಪುಟ್ಟ ದೋಣಿಯಲ್ಲಿ ಕೂತು ಕಡಲಹಕ್ಕಿಗಳ ಫೋಟೋ ತೆಗೆಯುವುದನ್ನು ನಾವೆಲ್ಲ ಟಿ.ವಿ.ಯಲ್ಲಿ ಕಂಡವರು. 2015ರ ಹೊತ್ತಿಗೆ ವೈಟ್‌ಫೀಲ್ಡ್ ಕಡೆ ಓಡಾಡುತ್ತಿದ್ದವರಿಗೆ ಅದರದೊಂದು ಅಣಕ ದಾರಿಯಲ್ಲೇ ಸಿಕ್ಕಿತು. ವರ್ತೂರು ಕೆರೆಯ ಕೋಡಿಯಲ್ಲಿ ಬಿಳಿ ಗುಡ್ಡೆಗಳು ಎದ್ದವು. ಗಾಳಿ ಬಂದಾಗ ರಸ್ತೆಗೆ ಹಾರಿ ಸ್ಕೂಟರ್ ಸವಾರರ ಮುಖಕ್ಕೆ ಮೆತ್ತಿಕೊಂಡವು. ಅದು ಹಿಮವಲ್ಲ, ಚರಂಡಿ ನೀರಿನ ನೊರೆ. ಅಂಥ ನೀರಿನ ಅಂಚಿನಲ್ಲೂ ಮೆಟ್ಟುಗಾಲು ಹಕ್ಕಿ, ಬೆಳ್ಳಕ್ಕಿಗಳು ಹೊಟ್ಟೆಪಾಡು ನೋಡಿಕೊಳ್ಳುತ್ತವೆ. ದಡದಲ್ಲಿ ಉದ್ದನೆಯ ಲೆನ್ಸ್ ಹಿಡಿದ ಸಾಫ್ಟ್‌ವೇರ್ ಹುಡುಗರೂ ಇರುತ್ತಾರೆ. ನೀರಹಕ್ಕಿಯ ಫೋಟೋ ಇಲ್ಲಿಯವರೆಗೆ ನಡೆದು ಬಂದ ದಾರಿ ಇವತ್ತಿನ ಮಾತು.

ಇಂಗ್ಲೆಂಡಿನ ರಿಚರ್ಡ್ ಮತ್ತು ಚೆರಿ ಕೀರ್ಟನ್ ಸೋದರರು 1892ರಲ್ಲಿ ಮೊಟ್ಟೆಯಿದ್ದ ಹಕ್ಕಿಗೂಡಿನ ಫೋಟೋ ತೆಗೆದರು. ಹಕ್ಕಿ ಛಾಯಾಗ್ರಹಣದ ಕತೆಯನ್ನು ಸಾಮಾನ್ಯವಾಗಿ ಅಲ್ಲಿಂದಲೇ ಹೇಳುತ್ತಾರೆ. 1896ರಲ್ಲಿ ಅವರು ಕಡಲಹಕ್ಕಿಗಳ ಬೀಡಾದ ಸೇಂಟ್ ಕಿಲ್ಡಾ ದ್ವೀಪಕ್ಕೂ ಕ್ಯಾಮೆರಾ ಹೊತ್ತರು. ಹಕ್ಕಿ ಬೆದರಬಾರದೆಂದು ಎತ್ತಿನ ತೊಗಲಿನ ಟೊಳ್ಳು ಬೊಂಬೆಯೊಳಗೆ ಅಡಗಿ ಕೂತ ಪುಣ್ಯಾತ್ಮರು ಇವರು. 1910ರಲ್ಲಿ ಅನ್ವೇಷಕ ಸ್ಕಾಟ್ ತಂಡದ ಜೊತೆ ಅಂಟಾರ್ಕ್ಟಿಕಾಕ್ಕೆ ಹೊರಟ ಹರ್ಬರ್ಟ್ ಪಾಂಟಿಂಗ್, ಹಿಮಗಡ್ಡೆಗಳನ್ನೂ ಪೆಂಗ್ವಿನ್‌ಗಳನ್ನೂ ಗಾಜಿನ ಪ್ಲೇಟುಗಳ ಮೇಲೆ ಹಿಡಿದ. ಅವನು ನಿಂತಿದ್ದ ಹಿಮದ ಹಾಸನ್ನೇ ಓರ್ಕಾ ತಿಮಿಂಗಿಲಗಳು ಕೆಳಗಿನಿಂದ ಗುದ್ದಿ ಒಡೆದದ್ದುಂಟು. ಆಗಲೂ ಆಸಾಮಿ ಕ್ಯಾಮೆರಾ ಕೈಬಿಡಲಿಲ್ಲ.

ನಮ್ಮಲ್ಲಿ ದೋಣಿಯ ಮಾತು ಬಂದರೆ ಕಾವೇರಿಗೇ ಹೋಗಬೇಕು. ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದಿದ್ದ ಸಲೀಂ ಅಲಿಯವರು ಶ್ರೀರಂಗಪಟ್ಟಣದ ಬಳಿಯ ನಡುಗಡ್ಡೆಗಳನ್ನು ಕಂಡು ಅರಸರ ಮನವೊಲಿಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ದಡದಲ್ಲಿ ಆಳು ಕಂಡರೆ ಎದ್ದು ಹಾರುವ ಹಕ್ಕಿ, ದಿನವೂ ನೋಡುವ ದೋಣಿಯನ್ನು ಲೆಕ್ಕಕ್ಕೇ ಇಡುವುದಿಲ್ಲ. ಲೆನ್ಸೂ ನೀರಿನ ಮಟ್ಟಕ್ಕೆ ಇಳಿಯುವುದರಿಂದ ಬಂಡೆ ಮೇಲಿನ ನೀರುಕಾಗೆಯ ಕಣ್ಣಿಗೆ ನಮ್ಮ ಕಣ್ಣು ನೇರ ಸಿಗುತ್ತದೆ. ಟ್ರೈಪಾಡ್ ಮಾತ್ರ ಮನೆಯಲ್ಲಿರಲಿ; ದೋಣಿಯ ನಡುಕವನ್ನೆಲ್ಲ ಅದು ಲೆನ್ಸಿಗೆ ದಾಟಿಸುತ್ತದೆ. ಮೊಣಕೈಗಳನ್ನು ಮಂಡಿಗೆ ಊರಿ, ಅಂಬಿಗ ಹುಟ್ಟನ್ನು ನೀರಿನಿಂದ ಎತ್ತುವ ಗಳಿಗೆ ಕಾದು ಕ್ಲಿಕ್ ಮಾಡಬೇಕು. ಅಲ್ಲಿ ತೆಗೆದ ಎಷ್ಟೋ ಚಿತ್ರಗಳಲ್ಲಿ ಅರ್ಧ ಪಾಲು ಅಂಬಿಗನದು, ಹೆಸರು ಮಾತ್ರ ಕ್ಯಾಮೆರಾದವನದು.

ಬೆಂಗಳೂರಿಗೆ ಈ ಹುಚ್ಚು ಹತ್ತಿಸಿದವರಲ್ಲಿ ಒ.ಸಿ. ಎಡ್ವರ್ಡ್ಸ್ ಹಿರಿಯರು. ಅವರ ಗರಡಿಯಲ್ಲಿ ಪಳಗಿದ ಟಿ.ಎನ್.ಎ. ಪೆರುಮಾಳ್, ಮತ್ತು ಅದೇ ಕಾಲದ ಇ. ಹನುಮಂತರಾವ್ ಅವರ ಹೆಸರು ದೇಶವಿದೇಶಗಳಲ್ಲಿ ಓಡಾಡಿತು. ದೇವರಾಜ ಅರಸರ ಸಂಪುಟದಲ್ಲಿ ಹಣಕಾಸು ಸಚಿವರಾಗಿದ್ದ ಸಂಡೂರಿನ ಎಂ.ವೈ. ಘೋರ್ಪಡೆ ಬಜೆಟ್ಟಿನ ಜೊತೆಗೆ ಕಪ್ಪು-ಬಿಳುಪು ವನ್ಯಚಿತ್ರಗಳನ್ನೂ ಕೊಟ್ಟರು. ಮೂಡಿಗೆರೆಯಲ್ಲಿ ಪೂರ್ಣಚಂದ್ರ ತೇಜಸ್ವಿ ಕ್ಯಾಮೆರಾ ಹಿಡಿದು ಕೂತರು, ಹಕ್ಕಿಗಳ ಬಗ್ಗೆ ಪುಸ್ತಕಗಳನ್ನೂ ಬರೆದರು. ರೋಲಿಗೆ 36 ಫ್ರೇಮು, ತೊಳೆದು ಬರುವವರೆಗೆ ಏನು ಸಿಕ್ಕಿತೆಂದು ತಿಳಿಯದು. ಆ ತಾಳ್ಮೆಗೆ ಕೈಮುಗಿಯುತ್ತೇನೆ. ಆದರೆ ಆ ಕಾಲದ ಛಾಯಾಗ್ರಹಣ ಗೂಡನ್ನು ಬಹಳ ನೆಚ್ಚಿಕೊಂಡಿತ್ತು. ಮರೆ ಕಟ್ಟಿ, ಕೊಂಬೆ ಸರಿಸಿ ತೆಗೆದರೆ ಮರಿಗಳು ಬಿಸಿಲಿಗೂ ಕಾಗೆಗೂ ಬಯಲಾಗುತ್ತವೆ. ಇವತ್ತು ಗೂಡಿನ ಚಿತ್ರವನ್ನು ಬಹಳಷ್ಟು ಸ್ಪರ್ಧೆಗಳು ಹತ್ತಿರ ಸೇರಿಸುವುದಿಲ್ಲ. ಸರಿಯಾದ ಕೆಲಸ.

ಆಮೇಲೆ ಬಂದವರು ಕಂಪನಿ ಕೆಲಸದವರು. 1970ರ ದಶಕದ ಕೊನೆಯಲ್ಲಿ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ ಎಲೆಕ್ಟ್ರಾನಿಕ್ ಸಿಟಿಗೆ ನೆಲ ಹದ ಮಾಡಿತು. ತೊಂಬತ್ತರ ದಶಕದಲ್ಲಿ ವೈಟ್‌ಫೀಲ್ಡ್ ಎದ್ದಿತು. 2003ರ ಹೊತ್ತಿಗೆ ಡಿಜಿಟಲ್ ಎಸ್‌ಎಲ್‌ಆರ್ ಸಂಬಳದಾರರ ಕೈಗೆಟುಕಿತು. ಶನಿವಾರ ಬೆಳಕು ಹರಿಯುವ ಮುನ್ನ ಹೊಸಕೋಟೆ ಕೆರೆಯ ಏರಿ ಮೇಲೆ ಕಾರುಗಳು ನಿಲ್ಲತೊಡಗಿದವು. ಯಾಹೂ ಕೆಲಸ ಬಿಟ್ಟು ಪೂರ್ತಿ ಕ್ಯಾಮೆರಾ ಹಿಡಿದ ಕಲ್ಯಾಣ್ ವರ್ಮ, ಅಮೋಘವರ್ಷರ ಜೊತೆ ಸೇರಿ ಮಾಡಿದ ‘ವೈಲ್ಡ್ ಕರ್ನಾಟಕ’ ಚಿತ್ರಕ್ಕೆ ಡೇವಿಡ್ ಅಟೆನ್‌ಬರೋ ದನಿ ಕೊಟ್ಟರು. ಅಪ್ಪಟ ಕಡಲಹಕ್ಕಿಯೇ ಬೇಕೆನ್ನುವವರು ಜೂನ್-ಜುಲೈ ಮೀನುಗಾರಿಕೆ ನಿಷೇಧ ಮುಗಿದ ಮೇಲೆ ಕರಾವಳಿಗೆ ಹೋಗಿ ದೋಣಿ ಹತ್ತುತ್ತಾರೆ. ವಾಂತಿ ಮಾಡಿಕೊಂಡಾದರೂ ರೀವಗಳ ಚಿತ್ರ ತರುತ್ತಾರೆ.

ನೊರೆಗೆ ಬರೋಣ. ಊರಿನ ಬಚ್ಚಲ ನೀರು ಬೆಳ್ಳಂದೂರು ಕೆರೆಗೆ ಇಳಿದು, ಅಲ್ಲಿಂದ ವರ್ತೂರಿಗೆ, ಮುಂದೆ ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ಬಟ್ಟೆ ಸೋಪಿನ ಪುಡಿಯ ಅಂಶ ತುಂಬಿದ ನೀರು ಕೋಡಿಯಲ್ಲಿ ಧುಮುಕಿದಾಗ, ಬಿಂದಿಗೆಯಲ್ಲಿ ಕಡೆದ ಮಜ್ಜಿಗೆಯ ಹಾಗೆ ನೊರೆಯೇಳುತ್ತದೆ. ಇದರ ಮುಂದೆ ಕೂತ ಬೆಳ್ಳಕ್ಕಿಯ ಫೋಟೋ ತೆಗೆಯುವವರಿಗೆ ಪಾಂಟಿಂಗ್‌ನ ಕಷ್ಟವೇ ಬಂತು, ಬಿಳಿಯ ಮೇಲೆ ಬಿಳಿ. ಕ್ಯಾಮೆರಾದ ಮೀಟರ್ ಎದುರಿಗಿರುವುದನ್ನೆಲ್ಲ ಬೂದುಬಣ್ಣವೆಂದು ಎಣಿಸಿ ಬೆಳಕು ಕಡಿಮೆ ಮಾಡುತ್ತದೆ. ಹಕ್ಕಿ, ನೊರೆ ಎರಡೂ ಮಾಸಲಾಗುತ್ತವೆ. ಒಂದೋ ಒಂದೂವರೆಯೋ ಸ್ಟಾಪ್ ಬೆಳಕು ಹೆಚ್ಚಿಸಬೇಕು. ಅತಿಯಾದರೆ ಗರಿಯ ಗೆರೆಗಳೇ ಅಳಿಸಿಹೋಗುತ್ತವೆ.

2017ರ ಫೆಬ್ರವರಿಯಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಬಿತ್ತು. ಪತ್ರಿಕಾ ವರದಿಗಳನ್ನು ಕಂಡ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ತಾನಾಗಿಯೇ ಮೊಕದ್ದಮೆ ಕೈಗೆತ್ತಿಕೊಂಡಿತು. 2018ರ ಜನವರಿಯಲ್ಲಿ ಮತ್ತೆ ಹೊತ್ತಿದಾಗ ಸೇನೆಯವರೂ ನಂದಿಸಲು ಬಂದರು. ಕೆರೆ ಬತ್ತಿಸಿ ಹೂಳೆತ್ತುವ ಕೆಲಸ 2020ರ ಸುಮಾರಿಗೆ ಶುರುವಾಯಿತು. ನ್ಯಾಯಮಂಡಳಿಯ ಮುಂದೆ ಚೆಂದದ ಚಿತ್ರಕ್ಕೆ ಬೆಲೆಯಿಲ್ಲ, ತಾರೀಖಿರುವ ಚಿತ್ರಕ್ಕಿದೆ. ನನ್ನ ಮಟ್ಟಿಗೆ, ಪದಕ ಗೆದ್ದ ಹತ್ತು ಮಿಂಚುಳ್ಳಿಗಳಿಗಿಂತ ನೊರೆಯ ಪಕ್ಕದ ಒಂದು ಮೆಟ್ಟುಗಾಲು ಹಕ್ಕಿ ದೊಡ್ಡ ಚಿತ್ರ.

ಹಾಗಾಗಿ ಕ್ಯಾಮೆರಾ ಇರುವ ಕೇಳುಗರಲ್ಲಿ, ಮೊಬೈಲ್ ಇದ್ದರೂ ಸಾಕು, ಒಂದು ಕೋರಿಕೆ. ನಿಮ್ಮ ಮನೆ ಹತ್ತಿರದ ಕೆರೆಯಲ್ಲಿ ನಾಮದ ಕೋಳಿಯೋ ಹೆಜ್ಜಾರ್ಲೆಯೋ ಕಂಡರೆ ಹಕ್ಕಿಯನ್ನಷ್ಟೇ ಕತ್ತರಿಸಿ ಇಟ್ಟುಕೊಳ್ಳಬೇಡಿ. ಸುತ್ತಲ ನೀರು, ದಡ, ಬಂದು ಬಿದ್ದ ಕಸ ಎಲ್ಲವೂ ಫ್ರೇಮಿನಲ್ಲಿರಲಿ. ಕೆರೆಯ ಹೆಸರು, ತಾರೀಖು, ಹೊತ್ತು ಬರೆದು ಇಬರ್ಡ್‌ನಂಥ ಸಾರ್ವಜನಿಕ ದಾಖಲೆಗೆ ಸೇರಿಸಿ. ಗೂಡಿನ ತಂಟೆಗೆ ಮಾತ್ರ ಹೋಗಬೇಡಿ.