ಸವೆಯುವ ಭಾಗ, ಬಾಳುವ ಭಾಗ



ಬೆಳಗಿನ ಗಡಿಬಿಡಿ. ಚಟ್ನಿಗೆ ಕಾಯಿತುರಿ ಹಾಕಿ ಮಿಕ್ಸಿ ತಿರುಗಿಸಿದಿರಿ. ಮೋಟಾರು ಸದ್ದು ಮಾಡುತ್ತಿದೆ, ಜಾರಿನೊಳಗಿನ ಬ್ಲೇಡು ಮಾತ್ರ ಅಲ್ಲಾಡುತ್ತಿಲ್ಲ. ಆಗ ಮನೆಯಲ್ಲಿ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: "ಹಳೇದಾಯ್ತು ಬಿಡಿ, ಹೇಗೂ ಆಫರ್ ಇದೆ, ಹೊಸದು ತಗೊಳ್ಳೋಣ." ತಗೊಳ್ಳಿ, ಬೇಡ ಅನ್ನುವುದಿಲ್ಲ. ಅದಕ್ಕೆ ಮೊದಲು ಪ್ಲಗ್ ತೆಗೆದು, ಜಾರ್ ಪಕ್ಕಕ್ಕಿಟ್ಟು, ಮಿಕ್ಸಿಯ ತಲೆಯನ್ನೊಮ್ಮೆ ಬಗ್ಗಿ ನೋಡಿ.

ಅಲ್ಲಿ ಹಲ್ಲುಹಲ್ಲಾದ ಒಂದು ಪುಟ್ಟ ಬಿಲ್ಲೆ ಇರುತ್ತದೆ. ರಿಪೇರಿಯವರು ಅದನ್ನು ಕಪ್ಲರ್ ಎನ್ನುತ್ತಾರೆ. ಮೋಟಾರಿನ ತಿರುಗುವಿಕೆಯನ್ನು ಜಾರಿಗೆ ದಾಟಿಸುವುದು ಅದರ ಕೆಲಸ. ಎಷ್ಟೋ ಮಿಕ್ಸಿಗಳಲ್ಲಿ ಅದು ಪ್ಲಾಸ್ಟಿಕ್ಕಿನದೋ ರಬ್ಬರಿನದೋ ಆಗಿರುತ್ತದೆ. ಇಷ್ಟು ದುಡ್ಡು ತೆಗೆದುಕೊಂಡು ಕಬ್ಬಿಣದ್ದು ಹಾಕಬಾರದಿತ್ತೆ ಎಂದು ಕೇಳುವವರಿದ್ದಾರೆ. ಹಾಕಬಾರದು. ಅರಿಸಿನದ ಕೊಂಬೋ ಮರೆತ ಚಮಚವೋ ಸಿಕ್ಕಿಕೊಂಡು ಬ್ಲೇಡು ತಟ್ಟನೆ ನಿಂತಾಗ, ಎಲ್ಲೋ ಒಂದು ಕಡೆ ಸೋಲು ಆಗಲೇಬೇಕು. ಮೋಟಾರು ಸೋತರೆ ಮಿಕ್ಸಿಯೇ ಹೋಯಿತು. ಕಪ್ಲರ್ ಸೋತರೆ ಒಂದು ಮಸಾಲೆದೋಸೆಯ ದುಡ್ಡಿನಲ್ಲಿ ಮುಗಿಯುತ್ತದೆ. ಮಿಕ್ಸಿ ಕಟ್ಟಿದ ಎಂಜಿನಿಯರ್ ಬೇಕೆಂದೇ ಆ ಬಿಲ್ಲೆಯನ್ನು ಮೆತ್ತಗೆ ಇಟ್ಟಿದ್ದಾನೆ.

ಮೋಟಾರೇ ಉಸಿರೆತ್ತದಿದ್ದರೆ ತಳ ನೋಡಿ. ಹೆಚ್ಚಿನ ಮಿಕ್ಸಿಗಳಿಗೆ ಅಲ್ಲೊಂದು ಕೆಂಪು ಗುಂಡಿ ಇರುತ್ತದೆ, ಓವರ್‌ಲೋಡ್ ಸ್ವಿಚ್. ಜಾರ್ ತುಂಬ ತುಂಬಿದಾಗ, ಮೋಟಾರು ಕಾದಾಗ, ಅದು ತಾನಾಗಿ ಕರೆಂಟು ಕತ್ತರಿಸುತ್ತದೆ. ಸ್ವಲ್ಪ ಹೊತ್ತು ಆರಲು ಬಿಟ್ಟು, ಜಾರಿನ ಭಾರ ಇಳಿಸಿ, ಗುಂಡಿ ಒತ್ತಿದರೆ ಸಾಕು. ಇಷ್ಟಕ್ಕೇ ಆಟೋ ಮಾಡಿಕೊಂಡು ಮಿಕ್ಸಿಯನ್ನು ಅಂಗಡಿಗೆ ಒಯ್ಯುವವರು ಉಂಟು, ಗುಂಡಿ ಒತ್ತಿ ಇನ್ನೂರು ರೂಪಾಯಿ ತೆಗೆದುಕೊಳ್ಳುವವರೂ ಉಂಟು.

ಇನ್ನೊಂದು ಸವೆಯುವ ಭಾಗ ಕಾರ್ಬನ್. ಬೆರಳ ತುದಿಯಷ್ಟಿರುವ ಎರಡು ಕಪ್ಪು ತುಂಡುಗಳು ತಿರುಗುವ ಆರ್ಮೇಚರಿಗೆ ಉಜ್ಜಿಕೊಳ್ಳುತ್ತ ಕರೆಂಟು ಕೊಡುತ್ತವೆ. ಉಜ್ಜಿದ ಮೇಲೆ ಸವೆಯಲೇಬೇಕು. ಗಾಳಿಕಂಡಿಯಲ್ಲಿ ಎಂದೂ ಕಾಣದಷ್ಟು ನೀಲಿ ಕಿಡಿ ಕಂಡರೆ, ಸುಟ್ಟ ವಾಸನೆ ಬಂದರೆ, ಕಾರ್ಬನ್ ಬದಲಿಸುವ ಹೊತ್ತಾಯಿತೆಂದು ತಿಳಿಯಿರಿ. ಅಷ್ಟಕ್ಕೇ ಎಚ್ಚೆತ್ತರೆ ಖರ್ಚು ಸಣ್ಣದು. "ಹೇಗೋ ನಡೀತಿದೆಯಲ್ಲ" ಎಂದು ಓಡಿಸುತ್ತ ಹೋದರೆ ಆರ್ಮೇಚರ್ ಸುಡುತ್ತದೆ. ಆಗ ವೈಂಡಿಂಗ್ ಮಾಡಿಸಬೇಕು, ಆ ಖರ್ಚು ಕೇಳಿ ಹೊಸ ಮಿಕ್ಸಿಯೇ ಅಗ್ಗವೆನಿಸುತ್ತದೆ. ಜಾರಿನ ಬುಷ್ ಸವೆದು ತಳದಿಂದ ನೀರು ಜಿನುಗುವುದನ್ನೂ ಹೀಗೆಯೇ ಕಡೆಗಣಿಸುತ್ತೇವೆ. ಆ ನೀರು ಇಳಿಯುವುದು ನೇರ ಮೋಟಾರಿಗೆ.

ಮಿಕ್ಸಿಯ ಮೇಲೆ ಇಷ್ಟು ಹೊತ್ತು ನಿಂತದ್ದಕ್ಕೆ ಕಾರಣವಿದೆ. ಮನೆಯ ಸಾಮಾನು ಒಟ್ಟಾರೆಯಾಗಿ ಹಾಳಾಗುವುದು ಅಪರೂಪ. ಒಂದು ಸಣ್ಣ ಭಾಗ ಸವೆಯುತ್ತದೆ, ಉಳಿದದ್ದು ಗಟ್ಟಿಯಾಗಿಯೇ ಇರುತ್ತದೆ. ಆ ಸವೆಯುವ ಭಾಗವನ್ನು ಬಿಡಿಸಿ ಬದಲಿಸಲು ಬರುತ್ತದೆಯೇ ಎಂಬುದರ ಮೇಲೆ ಸಾಮಾನಿನ ಆಯುಸ್ಸು ನಿಂತಿದೆ.

ಇದು ಹೊಸ ವಿದ್ಯೆಯೇನಲ್ಲ. ಹಿತ್ತಾಳೆ, ತಾಮ್ರದ ಪಾತ್ರೆಗಳ ಕಾಲದಲ್ಲಿ ಬೀದಿಗೆ ಕಲಾಯಿಯವನು ಬರುತ್ತಿದ್ದ. ಹುಣಿಸೆಹುಳಿ, ಮಜ್ಜಿಗೆ ತಾಗಿದರೆ ಆ ಲೋಹಗಳು ಕಿಲುಬುಗಟ್ಟುತ್ತವೆ, ಸಾರು ವಿಷವಾಗುತ್ತದೆ. ಹಾಗಾಗಿ ಒಳಮೈಗೆ ತವರದ ತೆಳು ಲೇಪ ಬೇಕು. ನೆಲದಲ್ಲಿ ಗುಂಡಿ ತೋಡಿ, ತಿದಿಯೊತ್ತಿ ಇದ್ದಿಲು ಕೆಂಡ ಮಾಡಿ, ಪಾತ್ರೆ ಕಾಯಿಸಿ, ನವಸಾಗರದ ಪುಡಿ ಉದುರಿಸುತ್ತಿದ್ದ. ಬಿಳಿ ಹೊಗೆ ಏಳುತ್ತಿತ್ತು. ನವಸಾಗರ ಲೋಹದ ಮೈಮೇಲಿನ ಕಿಟ್ಟವನ್ನು ತಿಂದುಹಾಕುವುದರಿಂದ ತವರ ಅಂಟಿಕೊಳ್ಳುತ್ತದೆ. ತವರ ಕರಗಲು 232 ಡಿಗ್ರಿ ಸೆಲ್ಸಿಯಸ್ ಶಾಖ ಸಾಕು, ಹಿತ್ತಾಳೆಗೆ ಅದು ಲೆಕ್ಕಕ್ಕೇ ಇಲ್ಲ. ತವರದ ಕಡ್ಡಿಯನ್ನು ಬಿಸಿ ಪಾತ್ರೆಗೆ ತಾಗಿಸಿ ಹತ್ತಿಯ ಉಂಡೆಯಿಂದ ಸರ್ರನೆ ಒರೆಸಿದರೆ ಒಳಮೈ ಬೆಳ್ಳಿಯಂತಾಗುತ್ತಿತ್ತು. ಲೇಪ ಸವೆಯಿತೆ, ಮತ್ತೆ ಹಾಕಿಸಿ. ಪಾತ್ರೆ ಮಾತ್ರ ಅಜ್ಜಿಯದೇ.

ಇದರ ಪಕ್ಕದಲ್ಲಿ ಇವತ್ತಿನ ನಾನ್‌ಸ್ಟಿಕ್ ಕಾವಲಿ ಇಟ್ಟು ನೋಡಿ. ಅಲ್ಲೂ ಲೋಹ, ಅದರ ಮೇಲೊಂದು ಲೇಪ. ಆ ಲೇಪಕ್ಕೆ ಒಮ್ಮೆ ಗೀರು ಬಿತ್ತೆಂದರೆ ಮತ್ತೆ ಹಾಕಿಕೊಡುವವರು ನಮ್ಮ ಬೀದಿಗಳಲ್ಲಿಲ್ಲ. ಕೆಲವೇ ವರ್ಷದಲ್ಲಿ ಕಾವಲಿ ಗುಜರಿಗೆ ಹೋಗುತ್ತದೆ. ಅದೇ ಕಬ್ಬಿಣದ ದೋಸೆ ಕಾವಲಿ? ತುಕ್ಕು ಹಿಡಿದರೂ ಉಜ್ಜಿ, ಎಣ್ಣೆ ಸವರಿ, ಹೊಗೆಯಾಡುವವರೆಗೆ ಕಾಯಿಸಿ, ನಾಲ್ಕಾರು ಸಲ ಹಾಗೆ ಪಳಗಿಸಿದರೆ ಮತ್ತೆ ದೋಸೆ ಏಳುತ್ತದೆ. ಅದರ ಲೇಪ ಸುಟ್ಟ ಎಣ್ಣೆಯದು, ಅಡುಗೆಮನೆಯಲ್ಲೇ ತಯಾರಾಗುತ್ತದೆ.

ಕುಕ್ಕರಿನದೂ ಇದೇ ಜಾತಿ. ಗ್ಯಾಸ್ಕೆಟ್ ಬದಲಿಸುತ್ತ ಹೋದರೆ ಎರಡು ತಲೆಮಾರು ಬಾಳುತ್ತದೆ. ಅಡುಗೆ ಮುಗಿದ ಮೇಲೆ ಗ್ಯಾಸ್ಕೆಟ್ ತೆಗೆದು ತೊಳೆದು ಹೊರಗಿಡಿ, ಮುಚ್ಚಳ ಬಿಗಿದು ಇಡಬೇಡಿ, ಅಷ್ಟೆ. ಸೇಫ್ಟಿ ವಾಲ್ವ್ ಮಾತ್ರ ಆಯಾ ಕಂಪನಿಯದ್ದೇ ಇರಲಿ, ಅಲ್ಲಿ ಚೌಕಾಸಿ ಬೇಡ.

ಬಟ್ಟೆಯ ವಿಷಯಕ್ಕೆ ಬಂದರೆ ಉತ್ತರ ಕರ್ನಾಟಕದ ಕೌದಿಯನ್ನು ಮೀರಿಸುವುದು ಕಷ್ಟ. ಹಳೆ ಸೀರೆ, ಧೋತರ, ಅಂಗಿಯ ತುಂಡುಗಳನ್ನು ಪದರ ಪದರವಾಗಿ ಹಾಸಿ, ಉದ್ದಕ್ಕೂ ಸಾಲು ಹೊಲಿಗೆ ಹಾಕುತ್ತಾರೆ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆಯ ಸಿದ್ದಿ ಹೆಂಗಸರು ಅಂಚಿನಿಂದ ಶುರುಮಾಡಿ ಸುತ್ತುತ್ತ ಸುತ್ತುತ್ತ ಒಳಕ್ಕೆ ಬರುತ್ತಾರೆ. ಹೊಲಿಗೆಯ ಸಾಲುಗಳು ಒತ್ತೊತ್ತಾಗಿರುವುದರಿಂದ ಒಂದು ಕಡೆ ಹರಿದರೂ ಹರಕು ಮುಂದಕ್ಕೆ ಓಡುವುದಿಲ್ಲ. ಮೇಲಿನ ಪದರ ಜೀರ್ಣವಾದರೆ ಅದರ ಮೇಲೆ ಇನ್ನೊಂದು ಸೀರೆ. ಹತ್ತಿಯ ಬಟ್ಟೆಯಾದರೆ ಚೆನ್ನ. ಸಿಂಥೆಟಿಕ್ ಸೀರೆ ಸೂಜಿಗೆ ಜಾರುತ್ತದೆ, ಬೆವರು ಹೀರುವುದಿಲ್ಲ. ಬೀರು ತುಂಬ ಸಿಂಥೆಟಿಕ್ ಸೀರೆ ಇಟ್ಟುಕೊಂಡವರು ಕೊಳ್ಳುವಾಗಲೇ ಇದನ್ನು ಯೋಚಿಸಬೇಕಿತ್ತು.

ಸಾಮಾನು ಬೇಗ ಗುಜರಿ ಸೇರುವುದಕ್ಕೆ ಎಲ್ಲ ತಪ್ಪೂ ಮನೆಯವರದ್ದೇ ಎಂದರೆ ಅನ್ಯಾಯ. 1924ರಲ್ಲಿ ಜಿನೀವಾದಲ್ಲಿ ಓಸ್ರಾಮ್, ಫಿಲಿಪ್ಸ್ ಮೊದಲಾದ ಬಲ್ಬ್ ಕಂಪನಿಗಳು ಸೇರಿ ಫೀಬಸ್ ಎಂಬ ಕೂಟ ಕಟ್ಟಿಕೊಂಡವು. ಬಲ್ಬು 1,000 ಗಂಟೆಗಿಂತ ಹೆಚ್ಚು ಉರಿಯಬಾರದೆಂದು ಅವರ ಒಪ್ಪಂದ. ಹೆಚ್ಚು ಬಾಳುವ ಬಲ್ಬು ಮಾಡಿದ ಕಂಪನಿಗೆ ದಂಡ! ದೀರ್ಘಕಾಲ ಬಾಳುವ ತಂತಿ ಮಂಕಾಗಿ ಉರಿಯುತ್ತದೆ ಎಂಬ ಅವರ ಸಮರ್ಥನೆಯಲ್ಲಿ ಸ್ವಲ್ಪ ನಿಜವಿತ್ತು. ಆದರೆ ದಂಡದ ಪಟ್ಟಿ ಬೆಳಕಿಗಾಗಿ ಮಾಡಿದ್ದೆಂದು ನಂಬುವುದು ಕಷ್ಟ. ಎರಡನೇ ಮಹಾಯುದ್ಧದ ಹೊತ್ತಿಗೆ ಆ ಕೂಟ ಮುರಿದುಬಿತ್ತು.

ಈಗಿನ ಎಲ್‌ಇಡಿ ಬಲ್ಬಿನ ಡಬ್ಬಿಯ ಮೇಲೆ ಹತ್ತಾರು ಸಾವಿರ ಗಂಟೆ ಎಂದಿರುತ್ತದೆ. ಅದು ಒಂದೆರಡು ವರ್ಷಕ್ಕೇ ಮಿಣುಕತೊಡಗಿದರೆ, ಕೆಟ್ಟಿರುವುದು ಹೆಚ್ಚಾಗಿ ಬೆಳಕಿನ ಚುಕ್ಕಿಗಳಲ್ಲ, ಅವುಗಳ ಹಿಂದಿರುವ ಡ್ರೈವರ್ ಎಂಬ ಸಣ್ಣ ಸರ್ಕ್ಯೂಟ್. ಅದಕ್ಕೆ ಶತ್ರು ಶಾಖ. ಗಾಳಿಯಾಡದ ಗಾಜಿನ ಬುರುಡೆಯೊಳಗೆ ಬಲ್ಬು ಕೂರಿಸಿದರೆ ಆಯುಸ್ಸು ಇಳಿಯುತ್ತದೆ. ಡ್ರೈವರ್ ಬದಲಿಸಿಕೊಡುವ ರಿಪೇರಿಯವರು ಈಗ ನಮ್ಮ ಪೇಟೆಗಳಲ್ಲಿ ಸಿಗುತ್ತಾರೆ, ವಿಚಾರಿಸಿ.

ಕಾನೂನು ನಿಧಾನಕ್ಕೆ ಇತ್ತ ತಿರುಗುತ್ತಿದೆ. ಫ್ರಾನ್ಸಿನಲ್ಲಿ 2021ರಲ್ಲಿ ಫೋನು, ಟಿ.ವಿ., ವಾಷಿಂಗ್ ಮೆಷಿನ್‌ಗಳ ಮೇಲೆ ಅವನ್ನು ರಿಪೇರಿ ಮಾಡುವುದು ಎಷ್ಟು ಸುಲಭ ಎಂಬುದಕ್ಕೆ ಹತ್ತಕ್ಕೆ ಇಷ್ಟು ಅಂಕ ಎಂದು ಬರೆಯುವುದು ಕಡ್ಡಾಯವಾಯಿತು. ನಮ್ಮ ಕೇಂದ್ರ ಸರ್ಕಾರವೂ 2022ರ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ಒಂದನ್ನು ತೆರೆಯಿತು. ನಮ್ಮಲ್ಲಿ ಇನ್ನೂ ಅಂಕದ ಚೀಟಿ ಇಲ್ಲವಾದ್ದರಿಂದ ಅಂಗಡಿಯಲ್ಲಿ ನೀವೇ ಕೇಳಬೇಕು: ಬಿಡಿಭಾಗ ಸಿಗುತ್ತದೆಯೇ, ಈ ಊರಲ್ಲಿ ಯಾರು ಮಾಡುತ್ತಾರೆ, ಬ್ಯಾಟರಿ ಬಿಚ್ಚಬಹುದೇ? ತಳದಲ್ಲಿ ಸ್ಕ್ರೂ ಇದ್ದರೆ ಒಳ್ಳೆಯ ಲಕ್ಷಣ. ಅಂಟು ಹಾಕಿ ಮುಚ್ಚಿದ್ದನ್ನು ನಾನಂತೂ ಮುಟ್ಟುವುದಿಲ್ಲ.

ಹೀಗೆ ಉಳಿಸಿದರೂ ಮನೆಯಿಂದ ಹೊರಹೋಗುವುದು ಇದ್ದೇ ಇರುತ್ತದೆ. ಬೆಂಗಳೂರಿನ ಕಸ ಹೊತ್ತ ಹೊರವಲಯದ ಮಾವಳ್ಳಿಪುರದವರು, ಮಂಡೂರಿನವರು ಅದರ ಬೆಲೆ ತೆತ್ತರು. ಊರವರ ಹೋರಾಟದ ನಂತರ ಮಾವಳ್ಳಿಪುರಕ್ಕೆ 2012ರಲ್ಲಿ, ಮಂಡೂರಿಗೆ 2014ರ ಕೊನೆಯಲ್ಲಿ ಕಸದ ಲಾರಿಗಳು ಬರುವುದು ನಿಂತಿತು. ಮರುವರ್ಷ ಹೈಕೋರ್ಟು, ಹಸಿ ಕಸಕ್ಕೊಂದು ಬುಟ್ಟಿ, ಡಯಾಪರ್, ಪ್ಯಾಡ್‌ನಂಥ ನೈರ್ಮಲ್ಯದ ಕಸಕ್ಕೊಂದು ಬುಟ್ಟಿ, ಒಣ ಕಸಕ್ಕೊಂದು ಚೀಲ ಎಂದು ಆದೇಶಿಸಿತು. ನಗರದ ಕಸದಲ್ಲಿ ಅರ್ಧದಷ್ಟು ಅಡುಗೆಮನೆಯ ಹಸಿ ಕಸ. ಅದು ಗುಡ್ಡೆಯಡಿ ಗಾಳಿ ಸಿಗದೆ ಕೊಳೆತರೆ ಮೀಥೇನ್ ಏಳುತ್ತದೆ, ಕೊಳಕು ರಸ ಸುತ್ತಲ ಬಾವಿಗಳಿಗೆ ಇಳಿಯುತ್ತದೆ. ಅದೇ ಸಿಪ್ಪೆಯನ್ನು ತರಗೆಲೆಯ ಜೊತೆ ಪದರ ಪದರವಾಗಿ ತೂತಿನ ಡಬ್ಬದಲ್ಲಿ ಹಾಕಿದರೆ ಎರಡು ಮೂರು ತಿಂಗಳಲ್ಲಿ ಗೊಬ್ಬರ. ವಾಸನೆ ಬಂದರೆ ನೀರು ಹೆಚ್ಚಾಗಿದೆ, ಇನ್ನಷ್ಟು ತರಗು ಸೇರಿಸಿ ಕೆದಕಿ.

ಹಾಗಂತ ಎಲ್ಲವನ್ನೂ ಉಳಿಸುವ ಹಟ ಬೇಡ. ತಳ ಉಬ್ಬಿದ ಕುಕ್ಕರ್, ಒಮ್ಮೆ ಜೋರಾಗಿ ಬಿದ್ದು ಏಟು ತಿಂದ ಹೆಲ್ಮೆಟ್, ಸಿಪ್ಪೆ ಸುಲಿದ ವೈರಿನ ಇಸ್ತ್ರಿಪೆಟ್ಟಿಗೆ, ಊದಿಕೊಂಡ ಫೋನ್ ಬ್ಯಾಟರಿ ಇವುಗಳ ಮೇಲೆ ಮಮತೆ ತೋರಿಸಬಾರದು. ಹೆಲ್ಮೆಟ್ಟಿನೊಳಗಿನ ಥರ್ಮೋಕೋಲ್ ಒಂದೇ ಏಟಿಗೆಂದು ಮಾಡಿದ್ದು. ಅದು ಒಳಗೇ ಕುಸಿದಿದ್ದರೂ ಹೊರಗೆ ಕಾಣುವುದಿಲ್ಲ. ಊದಿದ ಬ್ಯಾಟರಿಯನ್ನು ಚುಚ್ಚಬೇಡಿ, ಕಸದ ಬುಟ್ಟಿಗೂ ಹಾಕಬೇಡಿ, ಬೆಂಕಿ ಹೊತ್ತಿಕೊಳ್ಳುತ್ತದೆ. ಹಳೆ ವೈರು, ಚಾರ್ಜರ್, ಸೆಲ್ಲುಗಳನ್ನು ಒಂದು ಡಬ್ಬದಲ್ಲಿ ಕೂಡಿಟ್ಟು ಇ-ತ್ಯಾಜ್ಯ ಸಂಗ್ರಹಿಸುವ ಅಧಿಕೃತ ಕೇಂದ್ರಕ್ಕೆ ಕೊಡಿ. ತೂಕಕ್ಕೆ ಎರಡು ಕಾಸು ಹೆಚ್ಚು ಸಿಗುತ್ತದೆಂದು ಸಿಕ್ಕಸಿಕ್ಕವರಿಗೆ ಕೊಟ್ಟರೆ, ಒಳಗಿನ ತಾಮ್ರಕ್ಕಾಗಿ ಯಾವುದೋ ಬಯಲಿನಲ್ಲಿ ವೈರು ಸುಡುತ್ತಾರೆ. ಅದರ ಪ್ಲಾಸ್ಟಿಕ್ಕಿನ ಹೊಗೆಯಲ್ಲಿ ಡಯಾಕ್ಸಿನ್ ಎಂಬ ಘೋರ ವಿಷವಿರುತ್ತದೆ, ಮೊದಲು ಕುಡಿಯುವವರು ಸುಡುವವರ ಮಕ್ಕಳು.