ನಾನೇ ಮಾಡಿಸಿಕೊಡಬೇಕಾ?

ಸೊಸೈಟಿ ಅಧ್ಯಕ್ಷರಿರಲಿ, ಪಂಚಾಯ್ತಿ ಸದಸ್ಯರಿರಲಿ, ಸ್ತ್ರೀಶಕ್ತಿ ಸಂಘ ನಡೆಸುವ ಅಕ್ಕ ಇರಲಿ, ಮುಂದಾಳು ಅನ್ನಿಸಿಕೊಂಡವರ ತಲೆಯಲ್ಲಿ ಒಂದು ಪಟ್ಟಿ ಇದ್ದೇ ಇರುತ್ತೆ. ನಾನೇ ಮುಂದೆ ನಿಲ್ಲಬೇಕು. ಬಾಗಿಲಿಗೆ ಬಂದವರ ಕೆಲಸ ನಾನೇ ಮಾಡಿಸಿಕೊಡಬೇಕು. ಸಿಕ್ಕಿದ ಕುರ್ಚಿ ಬಿಡಬಾರದು. ಈ ‘ಬೇಕು’ಗಳನ್ನು ಸಡಿಲ ಮಾಡಿದರೆ ನಾಯಕತ್ವ ಹೋಗಿಬಿಡುತ್ತಾ? ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೇರಿದ ಶೃಂಗೇರಿ ಕ್ಷೇತ್ರದ ಇಬ್ಬರು ಶಾಸಕರ ಕಥೆಯಲ್ಲಿ ಇದಕ್ಕೆ ಉತ್ತರ ಇದೆ.

ಮೊದಲನೆಯವರು ಡಿ.ಬಿ. ಚಂದ್ರೇಗೌಡರು. 1978ರಲ್ಲಿ ಅವರು ಚಿಕ್ಕಮಗಳೂರಿನ ಸಂಸದ. ಇಂದಿರಾ ಗಾಂಧಿಯವರಿಗಾಗಿ ಗೆದ್ದ ಸೀಟನ್ನೇ ಬಿಟ್ಟುಕೊಟ್ಟರು. ನವೆಂಬರ್‌ನ ಉಪಚುನಾವಣೆಯಲ್ಲಿ ಇಂದಿರಾ ಗೆದ್ದರು. ಗೌಡರ ಕಥೆ ಅಲ್ಲಿಗೆ ಮುಗೀತಾ? ಇಲ್ಲ. ವಿಧಾನಸಭೆಯ ಸ್ಪೀಕರ್ ಆದರು, 1999ರಲ್ಲಿ ಶೃಂಗೇರಿಯಿಂದ ಗೆದ್ದು ಮಂತ್ರಿಯಾದರು, 2009ರಲ್ಲಿ ಬಿಜೆಪಿಯಿಂದ ಬೆಂಗಳೂರು ಉತ್ತರದ ಸಂಸದರಾದರು. ಲೋಕಸಭೆ, ರಾಜ್ಯಸಭೆ, ವಿಧಾನಸಭೆ, ವಿಧಾನ ಪರಿಷತ್ತು, ನಾಲ್ಕೂ ಮನೆ ಕಂಡವರು. ಕುರ್ಚಿ ಬಿಟ್ಟವನು ಕಳೆದುಹೋಗುವುದಿಲ್ಲ ಅನ್ನೋದಕ್ಕೆ ಇದು ಸಾಕ್ಷಿ. ಆದರೆ ಒಂದು ಪ್ರಶ್ನೆ ಉಳಿಯುತ್ತೆ. ಮತದಾರ ಕೊಟ್ಟ ಸೀಟನ್ನು ನಾಯಕಿಗೆ ಕೊಡಬಹುದಾ? ಪಕ್ಷ ಬದಲಿಸಿದ್ದನ್ನು ಏನಂತ ಕರೆಯೋಣ? ಹೊಂದಿಕೊಳ್ಳುವುದು ಬೇರೆ, ಅನುಕೂಲ ನೋಡಿಕೊಳ್ಳುವುದು ಬೇರೆ. ಎರಡರ ನಡುವಿನ ಗೆರೆ ಬಹಳ ತೆಳು.

ಎರಡನೆಯವರು ಎಚ್.ಜಿ. ಗೋವಿಂದೇಗೌಡರು. ಮಲೆನಾಡ ಗಾಂಧಿ ಅಂತಲೇ ಜನ ಕರೆದರು. 1994ರಲ್ಲಿ ಬಂದ ಜನತಾದಳ ಸರ್ಕಾರದಲ್ಲಿ ಶಿಕ್ಷಣ ಮಂತ್ರಿ. ಆ ಅವಧಿಯಲ್ಲಿ ಸುಮಾರು ಒಂದು ಲಕ್ಷ ಶಿಕ್ಷಕರ ನೇಮಕ ಆಯಿತು. ಒಂದು ಮೇಷ್ಟ್ರ ಕೆಲಸ ಅಂದ್ರೆ ಬಡವರ ಮನೆಯಲ್ಲಿ ಒಂದು ತಲೆಮಾರೇ ಮೇಲೆ ಬಂದ ಹಾಗೆ. ‘ಮಂತ್ರಿ ನಮ್ಮವರೇ, ಒಂದು ಮಾತು ಹೇಳಿದರೆ ಸಾಕು’ ಅಂತ ಕ್ಷೇತ್ರದ ಜನ ಕಾಯುವುದು ಸಹಜ. ಆದರೆ ನೇಮಕ ನಡೆದದ್ದು ಅರ್ಹತೆಯ ಮೇಲೆ. ವಶೀಲಿ ಇಲ್ಲ, ಲಂಚ ಇಲ್ಲ. ಮಂತ್ರಿಯ ಮುಖವನ್ನೇ ನೋಡದವರ ಮಕ್ಕಳು ಮೇಷ್ಟ್ರಾದರು.

ಇಲ್ಲಿ ಆದದ್ದೇನು ನೋಡಿ. ‘ನಾನು ಕೊಡಿಸಬೇಕು’ ಅನ್ನೋದು ಹೋಗಿ, ‘ನಾನಿಲ್ಲದೆಯೂ ಸಿಗಬೇಕು’ ಅನ್ನೋದು ಬಂತು. ಧಣಿಯ ಪಾತ್ರ ಬಿಟ್ಟರು, ಪ್ರಾಮಾಣಿಕತೆ ಬಿಡಲಿಲ್ಲ. ಗೋವಿಂದೇಗೌಡರು 2016ರಲ್ಲಿ ತೀರಿಕೊಂಡರು. ಅವರ ಹೆಸರು ಇಂದಿಗೂ ಸ್ಟಾಫ್ ರೂಮುಗಳಲ್ಲಿ ಬದುಕಿದೆ.

ಮಲೆನಾಡಿನವರಿಗೆ ನಾನು ಹೇಳಬೇಕಿಲ್ಲ. ಕೊನೆ ಕೊಯ್ಯುವವನು ಮರದಿಂದ ಮರಕ್ಕೆ ದಾಟಬೇಕಾದರೆ ಅಡಿಕೆ ಮರ ಬಾಗಲೇಬೇಕು. ಬೇರು ಮಾತ್ರ ಅಲುಗಾಡಬಾರದು.

ಮನೆಯ ಯಜಮಾನನೂ ಒಬ್ಬ ನಾಯಕನೇ ಅಲ್ವಾ? ಈ ಮೂರು ತಾಲ್ಲೂಕುಗಳಲ್ಲಿ ಹಳದಿ ಎಲೆ ರೋಗ ದಶಕಗಳಿಂದ ತೋಟಗಳನ್ನು ತಿಂದಿದೆ. ‘ಅಜ್ಜ ನೆಟ್ಟ ಅಡಿಕೆ, ನನ್ನ ಕಾಲದಲ್ಲಿ ಹೋಗಬಾರದು’ ಅಂತ ಸಾಲದ ಮೇಲೆ ಸಾಲ ಮಾಡಿ ಕೊರಗುವ ಹಿರಿಯರೇ, ಆ ಹಟವನ್ನು ನಿಮ್ಮ ಮೇಲೆ ಹೇರಿದವರು ಯಾರು? ಅಜ್ಜನಿಗೆ ಬೇಕಿದ್ದದ್ದು ಮನೆ ಉಳಿಯುವುದು. ಕಾಫಿ, ಮೆಣಸು ಅಂತ ಮಗಳೋ ಮಗನೋ ಹೇಳುತ್ತಿದ್ದರೆ ಒಮ್ಮೆ ಕೂತು ಕೇಳಿ. ಯಜಮಾನಿಕೆ ಏನೂ ಹೋಗಲ್ಲ.