ದುಡಿಯುತ್ತಾ ಓದುವವರ ಸಮಯದ ಲೆಕ್ಕ

(ಸಂಸ್ಥೆಯ ವಾರ್ಷಿಕ ಪ್ರತಿಭಾ ಪುರಸ್ಕಾರ ಸಮಾರಂಭದಲ್ಲಿ ಮಾಡಿದ ಭಾಷಣ)



ನಾನು ವಿಜ್ಞಾನದ ಶಿಕ್ಷಕಿಯಲ್ಲ. ಪ್ರೌಢಶಾಲೆಯಲ್ಲಿ ಉರ್ದು ಮತ್ತು ಕನ್ನಡ ಕಲಿಸುವವಳು. ಡಾಕ್ಟರಾಗಬೇಕು ಎನ್ನುವವರಿಗೆ ಭಾಷೆಯ ಟೀಚರು ಏನು ಹೇಳಿಯಾರು ಎಂದು ನಿಮಗೆ ಅನ್ನಿಸಬಹುದು. ನನ್ನಿಂದ ಆದ ಒಂದು ತಪ್ಪನ್ನು ಹೇಳಲು ಇಲ್ಲಿ ನಿಂತಿದ್ದೇನೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪಿಯುಸಿಯಲ್ಲಿ ವಿಜ್ಞಾನ ಓದಿ ಒಳ್ಳೆಯ ಅಂಕ ಪಡೆದಿದ್ದ. ಅಷ್ಟರಲ್ಲಿ ತಂದೆಗೆ ಕಾಯಿಲೆಯಾಯಿತು. ಹುಡುಗ ಒಂದು ಮೆಡಿಕಲ್ ಸ್ಟೋರಿನಲ್ಲಿ ಕೆಲಸಕ್ಕೆ ಸೇರಿದ. ಬೆಳಿಗ್ಗೆ 9ರಿಂದ ಸಂಜೆ 6ರವರೆಗೆ ಕೆಲಸ, 7ರಿಂದ 9ರವರೆಗೆ ವಿಜ್ಞಾನದ ಸಂಜೆ ತರಗತಿ, ಮನೆಗೆ ಬಂದು ನೀಟ್ ಪರೀಕ್ಷೆಗೆ ಓದು. "ಟೀಚರ್, ಸಮಯ ಸಾಲುವುದಿಲ್ಲ" ಎಂದು ನನ್ನ ಬಳಿ ಬಂದ. ನಾನು ಏನು ಹೇಳಿದೆ ಗೊತ್ತೇ? "ನಿದ್ದೆ ಕಡಿಮೆ ಮಾಡಪ್ಪಾ, ನಾಲ್ಕು ಗಂಟೆ ಮಲಗಿದರೆ ಸಾಕು, ಕಷ್ಟಪಡದೆ ಯಾರೂ ದೊಡ್ಡವರಾಗಿಲ್ಲ" ಎಂದೆ. ವೇದಿಕೆಗಳಲ್ಲಿ ನಾವೆಲ್ಲ ಹೇಳುವ ಮಾತೇ ಅದು. ಅವನು ನನ್ನ ಮಾತನ್ನು ಅಕ್ಷರಶಃ ಪಾಲಿಸಿದ.

ಜನವರಿ ತಿಂಗಳ ಒಂದು ಸಂಜೆ ಸಕ್ಕರೆ ಕಾಯಿಲೆಯ ಅಜ್ಜಿಯೊಬ್ಬರು ಚೀಟಿ ಕೊಟ್ಟರು. ಚೀಟಿಯಲ್ಲಿ 500 ಮಿಲಿಗ್ರಾಂ ಮಾತ್ರೆ ಇತ್ತು, ಇವನ ಕೈ ತೆಗೆದದ್ದು 850ರ ಮಾತ್ರೆಯ ಪಟ್ಟಿ. ಬಿಲ್ ಮಾಡುವಾಗ ಫಾರ್ಮಸಿಸ್ಟ್ ನೋಡಿ ತಡೆದರು. ಏನೂ ಅನಾಹುತ ಆಗಲಿಲ್ಲ. ಆದರೆ ಹುಡುಗ ನಡುಗಿಹೋಗಿದ್ದ. ಮರುದಿನ ನನ್ನ ಮನೆಗೆ ಬಂದು, "ಟೀಚರ್, ಅಕ್ಷರ ಕಾಣಿಸುತ್ತಿತ್ತು, ತಲೆಗೆ ಹೋಗಲಿಲ್ಲ" ಎಂದ. ರೋಗಿಗಳ ಸೇವೆ ಮಾಡಬೇಕೆಂದು ಹೊರಟವನ ಕೈಯಿಂದ ರೋಗಿಗೇ ತೊಂದರೆ ಆಗುವುದರಲ್ಲಿತ್ತು. ಆ ತಪ್ಪಿನಲ್ಲಿ ನನ್ನ ಪಾಲೂ ಇತ್ತು.

ಅಂದು ನಾವಿಬ್ಬರೂ ಕಾಗದ, ಪೆನ್ನು ಹಿಡಿದು ಕುಳಿತೆವು. ವಾರಕ್ಕೆ 168 ಗಂಟೆ. ಕೆಲಸ ಆರು ದಿನಕ್ಕೆ 54, ಓಡಾಟ 6, ಸಂಜೆ ತರಗತಿ ಐದು ದಿನಕ್ಕೆ 10. ದಿನಕ್ಕೆ ಏಳು ಗಂಟೆಯಂತೆ ನಿದ್ದೆ 49. ನಮಾಜು, ಊಟ, ಸ್ನಾನ, ಮನೆಯ ಕೆಲಸ ದಿನಕ್ಕೆ ಮೂರು ಗಂಟೆಯಂತೆ 21. ಒಟ್ಟು 140. ಉಳಿದದ್ದು 28 ಗಂಟೆ. ಅದರಲ್ಲಿ 8 ಗಂಟೆಯನ್ನು ತಂದೆಯ ಆರೈಕೆಗೂ ವಿಶ್ರಾಂತಿಗೂ ಬಿಟ್ಟೆವು. ಓದಿಗೆ 20 ಗಂಟೆ ಸಿಕ್ಕಿತು. ಫಜ್ರ್ ನಮಾಜಿನ ನಂತರ ದಿನಕ್ಕೆ ಎರಡು ಗಂಟೆಯಂತೆ ಆರು ದಿನ, ಭಾನುವಾರ ಎಂಟು ಗಂಟೆ. ನಿದ್ದೆಯಿಂದ ಒಂದು ನಿಮಿಷವನ್ನೂ ತೆಗೆಯಲಿಲ್ಲ.

ಈ 20 ಗಂಟೆಯನ್ನು ಹೇಗೆ ಬಳಸಬೇಕು? ಪರೀಕ್ಷೆಯನ್ನು ಮೊದಲು ಅರಿಯಿರಿ. 2025ರ ನೀಟ್‌ನಲ್ಲಿ 180 ಪ್ರಶ್ನೆ, 180 ನಿಮಿಷ, 720 ಅಂಕ. ಭೌತಶಾಸ್ತ್ರ 45, ರಸಾಯನಶಾಸ್ತ್ರ 45, ಜೀವಶಾಸ್ತ್ರ 90. ಸರಿಯುತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. ಅರ್ಧ ಅಂಕ ಜೀವಶಾಸ್ತ್ರದಲ್ಲೇ ಇದೆ. ಪಿಯುಸಿಯ ಎನ್‌ಸಿಇಆರ್‌ಟಿ ಪುಸ್ತಕವೇ ಅದಕ್ಕೆ ಬುನಾದಿ. ಹತ್ತು ಗೈಡು ಕೊಳ್ಳುವುದಕ್ಕಿಂತ ಆ ಒಂದು ಪುಸ್ತಕವನ್ನು ಹಲವು ಬಾರಿ ಓದುವುದು ಮೇಲು. ಲೆಕ್ಕ ಬಿಡಿಸುವ ಭೌತಶಾಸ್ತ್ರ ಬೆಳಗಿನ ಹೊತ್ತಿಗಿರಲಿ. ಓದಿದ್ದನ್ನು ನೆನಪಿಸಿಕೊಳ್ಳುವುದನ್ನು ಬಸ್ಸಿನಲ್ಲೂ ಮಾಡಬಹುದು. ಆ ಪರೀಕ್ಷೆ ನಡೆದದ್ದು ಮಧ್ಯಾಹ್ನ 2ರಿಂದ 5ರವರೆಗೆ, ಊಟವಾಗಿ ತೂಕಡಿಸುವ ಹೊತ್ತು. ಆದ್ದರಿಂದ ಭಾನುವಾರ ಅದೇ ಹೊತ್ತಿಗೆ ಗಡಿಯಾರ ಇಟ್ಟುಕೊಂಡು ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿ.

ಭಾಷೆಯ ಶಿಕ್ಷಕಿಯಾಗಿ ಒಂದು ಮಾತು. ಹತ್ತನೆಯವರೆಗೆ ಉರ್ದು ಅಥವಾ ಕನ್ನಡ ಮಾಧ್ಯಮದಲ್ಲಿ ಓದಿದವರು ಪಿಯುಸಿಯ ಇಂಗ್ಲಿಷ್ ಪದಗಳಲ್ಲಿ ಎಡವುತ್ತಾರೆ. ಅವನಿಗೆ ನಾನು ಮೂರು ಸಾಲಿನ ಪದಪುಸ್ತಕ ಮಾಡಿಸಿದೆ. ಒಂದು ಸಾಲಿನಲ್ಲಿ ಫೋಟೋಸಿಂಥೆಸಿಸ್, ಪಕ್ಕದಲ್ಲಿ ದ್ಯುತಿಸಂಶ್ಲೇಷಣೆ, ಅದರ ಪಕ್ಕ ಉರ್ದುವಿನ ಜಿಯಾಯಿ ತಾಲೀಫ್. ಅರ್ಥ ತಿಳಿದ ಪದ ಮರೆಯುವುದಿಲ್ಲ. ನೀಟ್ ಪ್ರಶ್ನೆಪತ್ರಿಕೆ 2017ರಿಂದ ಕನ್ನಡದಲ್ಲೂ 2018ರಿಂದ ಉರ್ದುವಿನಲ್ಲೂ ಬಂದಿದೆ. ಆದರೂ ಪುಸ್ತಕವನ್ನು ಯಾವ ಭಾಷೆಯಲ್ಲಿ ಓದಿದ್ದೀರೋ ಅದನ್ನೇ ಆರಿಸಿಕೊಳ್ಳಿ.

ದುಡಿಯುತ್ತಿರುವವರಲ್ಲಿ "ನನಗೆ ವಯಸ್ಸಾಯಿತು" ಎನ್ನುವವರಿದ್ದಾರೆ. ನೀಟ್‌ಗೆ ಇದ್ದ ಗರಿಷ್ಠ ವಯೋಮಿತಿಯನ್ನು 2022ರಲ್ಲೇ ತೆಗೆಯಲಾಗಿದೆ. ಒಂದು ವರ್ಷ ತಡವಾದರೆ ಬಾಗಿಲು ಮುಚ್ಚಿಹೋಗುವುದಿಲ್ಲ. ಆದರೆ ಎಷ್ಟು ಬಾರಿ ಬರೆಯುತ್ತೇನೆ ಎಂಬುದನ್ನು ಮೊದಲೇ ಮನೆಯವರೊಂದಿಗೆ ಕುಳಿತು ತೀರ್ಮಾನಿಸಿ. ಅರ್ಹತೆ ಬೇರೆ, ಸೀಟು ಬೇರೆ ಎಂಬುದೂ ನೆನಪಿರಲಿ.

ಆ ಹುಡುಗ ಮೊದಲ ವರ್ಷ ಹಿಂದೆ ಬಿದ್ದ. ಎರಡನೆಯ ವರ್ಷ ಮನೆಯವರು ಕೈಜೋಡಿಸಿದರು. ನೀರು ಹಿಡಿಯುವುದು, ರೇಷನ್ ತರುವುದು ತಮ್ಮನ ಪಾಲಾಯಿತು. ತಾಯಿ ವರ್ಷವಿಡೀ ಹೊಲಿಗೆಯ ಹಣದಲ್ಲಿ ಸ್ವಲ್ಪ ಸ್ವಲ್ಪ ಎತ್ತಿಟ್ಟು, ಪರೀಕ್ಷೆಗೆ ಮುಂಚಿನ ಎರಡು ತಿಂಗಳು ಮಗನನ್ನು ಕೆಲಸದಿಂದ ಬಿಡಿಸಿದರು. ಅಂಗಡಿಯ ಮಾಲೀಕರು ಅವನ ಕೆಲಸವನ್ನು ಹಾಗೇ ಉಳಿಸಿಕೊಟ್ಟರು. ಎಂಬಿಬಿಎಸ್ ಸೀಟು ಸಿಗುವಷ್ಟು ಅಂಕ ಬರಲಿಲ್ಲ. ಆದರೆ ಯುನಾನಿ ವೈದ್ಯಕೀಯದ ಬಿಯುಎಂಎಸ್‌ಗೂ ನೀಟ್ ಅಂಕವೇ ಆಧಾರ. ಅಲ್ಲಿ ಸೀಟು ಸಿಕ್ಕಿತು. ನಾನು ಕಲಿಸಿದ ಉರ್ದು ಈಗ ಅಲ್ಲಿ ಅವನ ಕೈಹಿಡಿದಿದೆ.

ಹಿರಿಯರಲ್ಲಿ ಒಂದು ವಿನಂತಿ. ಗೆದ್ದ ಮಕ್ಕಳಿಗೆ ಇಂದು ಶಾಲು ಹೊದಿಸಿದ್ದೀರಿ, ಸಂತೋಷ. ಆದರೆ ದುಡಿಯುವ ಮಕ್ಕಳಿಗೆ ಕೊರತೆ ಇರುವುದು ಉತ್ಸಾಹದ್ದಲ್ಲ, ಗಂಟೆಗಳದ್ದು. ಸಂಸ್ಥೆಯ ವಾಚನಾಲಯ ಸಂಜೆ 6ಕ್ಕೆ ಮುಚ್ಚುತ್ತದೆ, ಅವರ ಕೆಲಸ ಮುಗಿಯುವುದೂ 6ಕ್ಕೇ. ಅದನ್ನು ರಾತ್ರಿ 10ರವರೆಗೆ ಮತ್ತು ಫಜ್ರ್ ನಂತರ ತೆರೆದಿಡಿ. ಪರೀಕ್ಷೆಗೆ ಮುಂಚಿನ ಎರಡು ತಿಂಗಳ ಸಂಬಳದಷ್ಟು ಹಣವನ್ನು ಐವರು ಮಕ್ಕಳಿಗಾದರೂ ಕೊಡಿ. ಆ ತಾಯಿ ಒಬ್ಬರೇ ಹೊಲಿಗೆ ಯಂತ್ರದ ಮುಂದೆ ಕುಳಿತು ಮಾಡಿದ್ದನ್ನು ನಾವೆಲ್ಲ ಸೇರಿ ಮಾಡಲಾರೆವೇ?

ವಿದ್ಯಾರ್ಥಿಗಳೇ, ಇನ್ನು ಮುಂದೆ ಯಾರಾದರೂ ನಿಮಗೆ ನಿದ್ದೆ ಬಿಡಿ ಎಂದರೆ, ಅದು ನಾನೇ ಆಗಿದ್ದರೂ ಕೇಳಬೇಡಿ. ಇಂದು ಮನೆಗೆ ಹೋಗಿ ನಿಮ್ಮ 168 ಗಂಟೆಯ ಲೆಕ್ಕ ಬರೆಯಿರಿ. ನಾಳೆ ಶಾಲೆಗೆ ತಂದು ತೋರಿಸಿ, ಜೊತೆಯಲ್ಲಿ ಕುಳಿತು ನೋಡೋಣ.